ಜೊಳ್ಳು ವೈರಸ್‌ಗೆ ಏನು ಕೇಳಬಹುದು, ಏನು ಕೇಳಬಾರದು

(ಸಂಶೋಧನೆಯಲ್ಲಿ ನಿಜವಾದ ವೈರಸ್ ಬದಲಿಗೆ ಬಳಸುವ, ಮರಿ ಮಾಡದ ವೈರಸ್ ಚಿಪ್ಪುಗಳ ಬಗ್ಗೆ ಮಲೆನಾಡಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಜಿಲ್ಲೆಯಲ್ಲಿ ನಿಂತು ವೈರಸ್ ಬಗ್ಗೆ ಮಾತಾಡುವಾಗ ಕ್ಯಾಸನೂರನ್ನು ಬಿಟ್ಟು ಶುರು ಮಾಡಲು ಆಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ವೈರಸ್. ಅದು ಉಣುಗಿನಿಂದ ಹರಡುತ್ತದೆ ಅಂತಲೂ ಗೊತ್ತಾಯಿತು. ಇಷ್ಟು ನಿಮಗೆಲ್ಲ ತಿಳಿದ ಕಥೆ. ಇದರಲ್ಲಿ ಜಾಸ್ತಿ ಮಾತಿಗೆ ಬರದ ಒಂದು ಭಾಗವಿದೆ. ಕಾಡಿಗೆ ಕಾಲಿಡದೆ, ಪ್ರಯೋಗಾಲಯದ ಒಳಗೇ ಈ ವೈರಸ್ ಜೊತೆ ಕೆಲಸ ಮಾಡಿದವರಲ್ಲೂ ಹಲವರಿಗೆ ಮಂಗನ ಕಾಯಿಲೆ ತಗುಲಿತು. ಉಣುಗು ಕಚ್ಚಿರಲಿಲ್ಲ. ಕೆಲಸವೇ ಕಚ್ಚಿತ್ತು.

ಇದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. 1967ರಲ್ಲಿ ಜರ್ಮನಿಯ ಮಾರ್ಬರ್ಗ್, ಫ್ರಾಂಕ್‌ಫರ್ಟ್ ಮತ್ತು ಆಗಿನ ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ನಲ್ಲಿ ಪೋಲಿಯೊ ಲಸಿಕೆಯ ಕೆಲಸಕ್ಕೆಂದು ಉಗಾಂಡದಿಂದ ಮಂಗಗಳನ್ನು ತರಿಸಿದ್ದರು. ಆ ಮಂಗಗಳಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವೈರಸ್ ಇತ್ತು. 30ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, 7 ಜನ ಸತ್ತರು. ಮಾರ್ಬರ್ಗ್ ವೈರಸ್ ಅನ್ನುವ ಹೆಸರು ಬಂದದ್ದು ಹಾಗೆ. 2003ರ ಸಾರ್ಸ್ ಹಾವಳಿ ಮುಗಿಯಿತು ಅನ್ನುವಷ್ಟರಲ್ಲಿ ಸಿಂಗಪುರ, ತೈಪೆ, ಬೀಜಿಂಗ್ ಮೂರೂ ಕಡೆ ಪ್ರಯೋಗಾಲಯದಿಂದಲೇ ಸೋಂಕು ಮತ್ತೆ ಹೊರಬಂತು.

ದನ ಸಾಕಿದವರಿಗೆ ಹತ್ತಿರವಾದ ಉದಾಹರಣೆ ಬೇಕಾದರೆ ಕಾಲುಬಾಯಿ ಜ್ವರ ನೋಡಿ. 2007ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸರ್ರೆ ಜಿಲ್ಲೆಯಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಬಂತು. ವೈರಸ್ ಪರೀಕ್ಷಿಸಿದರೆ ಅದು 1967ರ ಹಳೇ ತಳಿ, ಲಸಿಕೆ ಮಾಡಲು ಬಳಸುವಂಥದ್ದು. ಹತ್ತಿರದಲ್ಲೇ ಪೈರ್‌ಬ್ರೈಟ್‌ನಲ್ಲಿ ಇದೇ ರೋಗದ ಸಂಶೋಧನಾ ಸಂಸ್ಥೆ ಮತ್ತು ಲಸಿಕೆ ಘಟಕ ಒಂದೇ ಆವರಣದಲ್ಲಿದ್ದವು. ವೈರಸ್ ಹೊರಬಿದ್ದದ್ದು ಹಳೇ ಚರಂಡಿ ಪೈಪಿನ ಸೋರಿಕೆಯಿಂದ ಅಂತ ತನಿಖೆ ಹೇಳಿತು. ಯಾವ ವಿಜ್ಞಾನಿಯೂ ಬಾಟಲಿ ಒಡೆದಿರಲಿಲ್ಲ. ಪೈಪು ಹಳತಾಗಿತ್ತು, ಅಷ್ಟೇ.

ಇಂಥ ಅಪಾಯ ತಡೆಯಲು ಪ್ರಯೋಗಾಲಯಗಳನ್ನು ಒಂದರಿಂದ ನಾಲ್ಕರವರೆಗೆ ಸುರಕ್ಷತಾ ಹಂತಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೆಯದರಲ್ಲಿ ಗಾಳಿ ತುಂಬಿದ ಉಡುಪು, ಹೊರಗೆ ಬರುವ ಮುನ್ನ ರಾಸಾಯನಿಕ ಸ್ನಾನ, ಒಳಗಿನ ಗಾಳಿ ಹೊರಗೆ ನುಸುಳದ ಕೋಣೆ, ಎಲ್ಲ ಇರುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಯಲ್ಲಿ ಇಂಥದ್ದೊಂದು 2012ರ ಕೊನೆಯಲ್ಲಿ ಶುರುವಾಯಿತು. ಒಳ್ಳೆಯದೇ. ಆದರೆ ಇಂಥ ಕೋಣೆಗಳು ಜಗತ್ತಿನಲ್ಲೇ ಕಡಿಮೆ. ಅಲ್ಲಿ ಒಂದು ಚಿಕ್ಕ ಪ್ರಯೋಗಕ್ಕೂ ತುಂಬಾ ಹೊತ್ತು ಬೇಕು. ಹಾಗಾಗಿ ಅತಿ ಅಪಾಯದ ವೈರಸ್‌ಗಳ ಬಗ್ಗೆಯೇ ನಾವು ಅತಿ ಕಡಿಮೆ ಪ್ರಶ್ನೆ ಕೇಳಿದ್ದೇವೆ. ನನ್ನ ಪ್ರಕಾರ ಇದು ಸೋರಿಕೆಯಷ್ಟೇ ದೊಡ್ಡ ನಷ್ಟ.

ಇಲ್ಲಿಗೆ ನಮ್ಮ ಇವತ್ತಿನ ವಿಷಯ ಬರುತ್ತದೆ. ಭತ್ತ ತೂರುವಾಗ ಗಾಳಿಗೆ ಹಾರಿಹೋಗುವ ಜೊಳ್ಳು ನೋಡಿದ್ದೀರಿ. ಹೊರಗಿನಿಂದ ನೋಡಿದರೆ ಭತ್ತವೇ. ಒಳಗೆ ಅಕ್ಕಿ ಇಲ್ಲ. ಬಿತ್ತಿದರೆ ಮೊಳೆಯುವುದಿಲ್ಲ. ವೈರಸ್‌ನಲ್ಲೂ ಹಾಗೆಯೇ ಮಾಡಬಹುದು. ವೈರಸ್ ಅಂದರೆ ಒಳಗೆ ಒಂದಿಷ್ಟು ಡಿಎನ್‌ಎ ಅಥವಾ ಆರ್‌ಎನ್‌ಎ, ಹೊರಗೆ ಪ್ರೋಟೀನಿನ ಚಿಪ್ಪು, ಕೆಲವಕ್ಕೆ ಅದರ ಮೇಲೊಂದು ಕೊಬ್ಬಿನ ಪೊರೆ. ಮರಿ ಮಾಡುವ ಸೂಚನೆ ಇರುವುದು ಒಳಗಿನ ಆ ಜೀನುಗಳಲ್ಲಿ. ಅದನ್ನು ಬಿಟ್ಟು ಚಿಪ್ಪನ್ನು ಮಾತ್ರ ಕಟ್ಟಿದರೆ ಸಿಗುವುದು ವೈರಸ್ ಹಾಗೆ ಕಾಣುವ, ಆದರೆ ಎರಡಾಗದ ಕಣ. ವಿಎಲ್‌ಪಿ ಅನ್ನುತ್ತಾರೆ. ನಾನು ಇವತ್ತು ಜೊಳ್ಳು ಅಂತಲೇ ಕರೆಯುತ್ತೇನೆ.

ಇದು ಮನುಷ್ಯ ಕಂಡುಹಿಡಿದ ಉಪಾಯ ಅಂದುಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಸ್ ನಮಗಿಂತ ಮುಂಚೆಯೇ ಇದನ್ನು ಮಾಡಿಕೊಂಡು ಬಂದಿದೆ. ಸೋಂಕು ತಗುಲಿದವರ ರಕ್ತದಲ್ಲಿ ನಿಜವಾದ ವೈರಸ್ ಕಣಗಳು 42 ನ್ಯಾನೋಮೀಟರ್ ಗಾತ್ರದವು. ಅವುಗಳ ಜೊತೆ 22 ನ್ಯಾನೋಮೀಟರಿನ ಖಾಲಿ ಉಂಡೆಗಳು ಸಾವಿರಾರು ಪಟ್ಟು ಹೆಚ್ಚು ತೇಲುತ್ತಿರುತ್ತವೆ. ಬರೂಕ್ ಬ್ಲಂಬರ್ಗ್ 1965ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡದ್ದು ಈ ಚಿಪ್ಪಿನ ಪ್ರೋಟೀನನ್ನೇ. ಆಮೇಲೆ ಅದೇ ಪ್ರೋಟೀನಿನ ಜೀನನ್ನು ಯೀಸ್ಟ್‌ಗೆ ಹಾಕಿದರು. ಯೀಸ್ಟ್ ಒಳಗೆ ಅದೇ ಥರದ ಉಂಡೆಗಳು ತಯಾರಾದವು. 1986ರಲ್ಲಿ ಅದು ಲಸಿಕೆಯಾಗಿ ಬಂತು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರ ತೊಡೆಗೆ ಹುಟ್ಟಿದ ಹೊಸತರಲ್ಲೇ ಈ ಜೊಳ್ಳು ಚುಚ್ಚಿಸಿಕೊಂಡಾಗಿದೆ.

ಲಸಿಕೆಯ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಆಸಕ್ತಿ ಇರುವುದು ಇನ್ನೊಂದರಲ್ಲಿ. ಸಂಶೋಧನೆ ಮಾಡುವವರು ನಿಜವಾದ ವೈರಸ್ ಬದಲಿಗೆ ಈ ಜೊಳ್ಳನ್ನು ಇಟ್ಟುಕೊಂಡು ಏನೇನು ತಿಳಿದುಕೊಂಡರು? ಅದು ಎಲ್ಲಿ ಕೈಕೊಟ್ಟಿತು?

ಮೊದಲು ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ. ಈ ವೈರಸ್ಸಿನದ್ದು ವಿಚಿತ್ರ ಹಟ. ಚರ್ಮದ ಕೋಶಗಳು ಕೆಳಗಿನ ಪದರದಿಂದ ಮೇಲಕ್ಕೆ ಬರುತ್ತಾ ಬಲಿಯುತ್ತವಲ್ಲ, ಆ ಕ್ರಮ ಸರಿಯಾಗಿ ನಡೆದರೆ ಮಾತ್ರ ಅದು ಬೆಳೆಯುತ್ತದೆ. ಗಾಜಿನ ತಟ್ಟೆಯಲ್ಲಿ ಸಾಮಾನ್ಯ ಕೋಶಗಳ ಮೇಲೆ ಬೆಳೆಯುವುದಿಲ್ಲ. ಅಪಾಯದ ಮಾತು ಹಾಗಿರಲಿ, ಇಲ್ಲಿ ಪ್ರಯೋಗಕ್ಕೆ ವೈರಸ್ಸೇ ಸಿಗುತ್ತಿರಲಿಲ್ಲ. 1991ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜಿಯಾನ್ ಝೌ ಮತ್ತು ಇಯಾನ್ ಫ್ರೇಝರ್ ಅದರ ಚಿಪ್ಪಿನ ಪ್ರೋಟೀನನ್ನು ಕೋಶಗಳಲ್ಲಿ ತಯಾರಿಸಿದಾಗ ಆ ಪ್ರೋಟೀನುಗಳು ತಾವೇ ಒಂದಕ್ಕೊಂದು ಸೇರಿ ಚಿಪ್ಪಾದವು. ಐದೈದು ಸೇರಿ ಒಂದು ಗುಂಪು, ಅಂಥ 72 ಗುಂಪು ಸೇರಿ ಒಂದು ಗೋಳ. ಜೋಡಿಸಲು ಮೇಸ್ತ್ರಿ ಬೇಕಿಲ್ಲ.

ಆಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜಾನ್ ಶಿಲ್ಲರ್ ಅವರ ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಚಿಪ್ಪನ್ನು ಪೂರ್ತಿ ಖಾಲಿ ಬಿಡದೆ ಒಳಗೆ ಬೇರೆ ಒಂದು ಡಿಎನ್‌ಎ ತುಂಡು ಇಟ್ಟರು. ಆ ತುಂಡಿಗೆ ಇದ್ದ ಕೆಲಸ ಒಂದೇ. ಕೋಶದ ಒಳಗೆ ಹೋದರೆ ಅಲ್ಲಿ ಬೆಳಕು ಬೀರುವ ಅಥವಾ ಬಣ್ಣ ಕೊಡುವ ಪ್ರೋಟೀನ್ ತಯಾರಿಸುವುದು. ಇಂಥದಕ್ಕೆ ಸ್ಯೂಡೋವೈರಸ್ ಅನ್ನುತ್ತಾರೆ. ಕೋಶ ಹೊಳೆದರೆ ಕಣ ಒಳಗೆ ಹೋಯಿತು ಅಂತ ಅರ್ಥ. ಹೊಳೆಯದಿದ್ದರೆ ಏನೋ ತಡೆದಿದೆ. ಈ ಉಪಾಯ ಇಟ್ಟುಕೊಂಡು ಅವರು ಸಿಕ್ಕಸಿಕ್ಕ ವಸ್ತುಗಳನ್ನೆಲ್ಲ ಪರೀಕ್ಷಿಸಿದರು. 2006ರಲ್ಲಿ ಅಚ್ಚರಿಯ ಫಲಿತಾಂಶ ಬಂತು. ಕೆಂಪು ಕಡಲಪಾಚಿಯಿಂದ ತೆಗೆಯುವ ಕ್ಯಾರಗೀನನ್, ಐಸ್‌ಕ್ರೀಮ್ ಗಟ್ಟಿಯಾಗಿರಲಿ ಅಂತ ಹಾಕುತ್ತಾರಲ್ಲ ಅದು, ಎಚ್‌ಪಿವಿ ಕೋಶಕ್ಕೆ ಅಂಟಿಕೊಳ್ಳುವುದನ್ನೇ ತಡೆಯುತ್ತಿತ್ತು. ಐಸ್‌ಕ್ರೀಮ್ ತಿಂದರೆ ಕ್ಯಾನ್ಸರ್ ಬರಲ್ಲ ಅಂತ ಯಾರೂ ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. (ನಗು.) ತಟ್ಟೆಯಲ್ಲಿ ಕಂಡದ್ದು ಮನುಷ್ಯರಲ್ಲಿ ಎಷ್ಟು ನಿಲ್ಲುತ್ತದೆ ಅನ್ನುವುದು ಬೇರೆಯೇ ಪರೀಕ್ಷೆ. ಬೆಳೆಸಲು ಆಗದ ವೈರಸ್‌ಗೆ ಅಷ್ಟೊಂದು ವಸ್ತುಗಳನ್ನು ಒಂದೊಂದಾಗಿ ತೋರಿಸಿ ನೋಡಲು ಸಾಧ್ಯವಾದದ್ದು ಈ ಕಣಗಳಿಂದ.

ವಾಂತಿ ಭೇದಿ ತರುವ ನೊರೊವೈರಸ್‌ನದ್ದೂ ಹೆಚ್ಚು ಕಡಿಮೆ ಇದೇ ಕಥೆ. 1972ರಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಪ್ರಯೋಗಾಲಯದಲ್ಲಿ ಮನುಷ್ಯರ ಕರುಳಿನ ಕೋಶಗಳ ಮೇಲೆ ಬೆಳೆಸಲು ಆದದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ಮೇರಿ ಎಸ್ಟೆಸ್ ಅವರ ತಂಡ 1992ರಲ್ಲಿ ಕೀಟದ ಕೋಶಗಳಲ್ಲಿ ತಯಾರಿಸಿದ ಜೊಳ್ಳೇ ದೊಡ್ಡ ಆಸರೆ. ಕೆಲವರಿಗೆ ಈ ವೈರಸ್ ಯಾಕೆ ತಗುಲುವುದೇ ಇಲ್ಲ ಅನ್ನುವ ಪ್ರಶ್ನೆಗೂ ಜೊಳ್ಳಿನಿಂದ ಸುಳಿವು ಸಿಕ್ಕಿತು. ಕಣ ಅಂಟಿಕೊಳ್ಳುವುದು ನಮ್ಮ ರಕ್ತದ ಗುಂಪಿಗೆ ಸಂಬಂಧಿಸಿದ ಸಕ್ಕರೆ ಸರಪಳಿಗಳಿಗೆ. ಕರುಳಿನ ಒಳಪದರದಲ್ಲಿ ಆ ಸರಪಳಿ ಇಲ್ಲದವರಿಗೆ ಕೆಲವು ತಳಿಗಳು ಅಂಟುವುದೇ ಇಲ್ಲ.

ನಮ್ಮ ಬೆಂಗಳೂರಿನಲ್ಲೂ ಈ ಕೆಲಸ ಬಹಳ ಹಿಂದೆಯೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎಸ್. ಸಾವಿತ್ರಿ ಮತ್ತು ಎಂ.ಆರ್.ಎನ್. ಮೂರ್ತಿ ಅವರ ತಂಡಗಳು ಗಿಡಗಳ ವೈರಸ್‌ಗಳನ್ನು ಹಿಡಿದು ಕೂತವು. ಅದರಲ್ಲಿ ಒಂದು ಅಗಸೆ ಮರಕ್ಕೆ, ಅಂದರೆ ಚೊಗಚೆಗೆ ಬರುವ ವೈರಸ್. ಮನುಷ್ಯರಿಗೆ ಇದರಿಂದ ಅಪಾಯ ಇಲ್ಲ. ಹಾಗಿದ್ದರೆ ಜೊಳ್ಳು ಯಾಕೆ? ಅವರ ಪ್ರಶ್ನೆ ಚಿಪ್ಪಿನ ಬಗ್ಗೆಯೇ ಇತ್ತು. 180 ಪ್ರೋಟೀನುಗಳು ಸೇರಿ ಒಂದೇ ಅಳತೆಯ ಗೋಳ ಹೇಗಾಗುತ್ತದೆ? ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಚಿಪ್ಪಿನ ಪ್ರೋಟೀನ್ ತಯಾರಿಸಿ, ಅದರ ತುದಿಯಿಂದ ಒಂದಿಷ್ಟು ಭಾಗ ಕತ್ತರಿಸಿದರೆ 180ರ ಬದಲು 60 ಪ್ರೋಟೀನುಗಳ ಪುಟ್ಟ ಗೋಳ ಕಟ್ಟಿಕೊಂಡಿತು. ಜೀವಂತ ವೈರಸ್‌ನಲ್ಲಿ ಇಂಥ ಬದಲಾವಣೆ ಮಾಡಿದರೆ ವೈರಸ್ಸೇ ಉಳಿಯದೆ ಹೋಗಬಹುದು, ಆಗ ನೋಡಲು ಏನೂ ಇರುವುದಿಲ್ಲ. ಜೊಳ್ಳಿಗೆ ಬದುಕುವ ಹಂಗಿಲ್ಲ. ಇನ್ನೊಂದು ತಮಾಷೆ ಅಂದರೆ, ಬ್ಯಾಕ್ಟೀರಿಯಾದ ಒಳಗೆ ಕಟ್ಟಿಕೊಂಡ ಈ ಚಿಪ್ಪುಗಳು ಖಾಲಿ ಇರಲಿಲ್ಲ. ಕೈಗೆ ಸಿಕ್ಕ ಬ್ಯಾಕ್ಟೀರಿಯಾದ ಆರ್‌ಎನ್‌ಎಯನ್ನೇ ಒಳಗೆ ತುಂಬಿಕೊಂಡಿದ್ದವು.

ಈಗ ಕೋವಿಡ್‌ಗೆ ಬರೋಣ. ಜೊಳ್ಳಿನ ಶಕ್ತಿ, ಮಿತಿ ಎರಡೂ ಇಲ್ಲಿ ಒಟ್ಟಿಗೆ ಕಾಣುತ್ತವೆ.

2020ರಲ್ಲಿ ಎಲ್ಲರಿಗೂ ಒಂದೇ ಅವಸರ. ಗುಣವಾದವರ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ವೈರಸ್ಸನ್ನು ತಡೆಯುತ್ತವೆಯೇ? ನಿಜವಾದ ವೈರಸ್ ಬೆಳೆಸಲು ಮೂರನೇ ಹಂತದ ಪ್ರಯೋಗಾಲಯ ಬೇಕು. ಸ್ಯೂಡೋವೈರಸ್‌ಗೆ ಎರಡನೇ ಹಂತ ಸಾಕು, ಅದು ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದೆ. ಹಾಗಾಗಿ ಜಗತ್ತಿನಾದ್ಯಂತ ಒಂದು ಬೇರೆ ವೈರಸ್ಸಿನ ಒಡಲಿಗೆ, ಹೆಚ್ಚಾಗಿ ಎಚ್‌ಐವಿಯಿಂದ ಮಾಡಿದ ಅಂಗಹೀನ ಕಣಕ್ಕೆ ಅಥವಾ ದನಗಳ ವಿಎಸ್‌ವಿ ವೈರಸ್‌ಗೆ, ಕೊರೊನಾದ ಮೈಮೇಲೆ ಮುಳ್ಳಿನ ಹಾಗೆ ಇರುವ ಸ್ಪೈಕ್ ಪ್ರೋಟೀನ್ ತೊಡಿಸಿ ಪರೀಕ್ಷೆ ಮಾಡಿದರು. ಲಸಿಕೆ ಕೆಲಸ ಮಾಡುತ್ತದೆಯೇ, ಹೊಸ ತಳಿ ತಪ್ಪಿಸಿಕೊಳ್ಳುತ್ತದೆಯೇ ಅನ್ನುವ ಎಷ್ಟೋ ಉತ್ತರಗಳು ಇವುಗಳಿಂದಲೇ ಬೇಗ ಬಂದವು.

ಆದರೆ ಆ ಕಣದಲ್ಲಿ ಕೊರೊನಾದ್ದು ಅಂತ ಇದ್ದದ್ದು ಸ್ಪೈಕ್ ಒಂದೇ. ಹಾಗಾಗಿ ಎಲ್ಲರೂ ಸ್ಪೈಕ್ ಬಗ್ಗೆಯೇ ಮಾತಾಡಿದರು. ಡೆಲ್ಟಾ ತಳಿಯ ಬೇರೆ ಭಾಗಗಳಲ್ಲೂ ಬದಲಾವಣೆಗಳಿದ್ದವು. ಅವುಗಳಿಂದ ಏನಾಗುತ್ತದೆ ಅಂತ ಆ ಕಣಕ್ಕೆ ಕೇಳಿ ಏನು ಪ್ರಯೋಜನ? ಅದರಲ್ಲಿ ಆ ಭಾಗಗಳೇ ಇರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆನಿಫರ್ ಡೌಡ್ನಾ ಮತ್ತು ಮೆಲಾನಿ ಓಟ್ ಅವರ ತಂಡಗಳು ಹಿಡಿದ ದಾರಿ ನನಗೆ ಬಹಳ ಇಷ್ಟ. ಅವರು ಕೊರೊನಾದ ನಾಲ್ಕೂ ಕಟ್ಟಡದ ಪ್ರೋಟೀನುಗಳನ್ನು ಬೇರೆ ಬೇರೆ ಡಿಎನ್‌ಎ ತುಂಡುಗಳಲ್ಲಿ ಕೋಶಕ್ಕೆ ಕೊಟ್ಟರು. ಸ್ಪೈಕ್, ಪೊರೆಯ ಎರಡು ಪ್ರೋಟೀನು, ಮತ್ತೆ ಆರ್‌ಎನ್‌ಎಯನ್ನು ಸುತ್ತಿ ಕಟ್ಟುವ ಎನ್ ಪ್ರೋಟೀನು. ಮಿಂಚುಹುಳದ ಬೆಳಕಿನ ಜೀನಿಗೆ ವೈರಸ್ಸಿನ ಆರ್‌ಎನ್‌ಎಯ ಒಂದು ತುಂಡನ್ನು ಗುರುತಾಗಿ ಅಂಟಿಸಿದರು. ಆ ಗುರುತು ಕಂಡರೆ ಎನ್ ಪ್ರೋಟೀನ್ ಅದನ್ನು ತನ್ನದು ಅಂದುಕೊಂಡು ಒಳಗೆ ತುಂಬುತ್ತದೆ. ಹೀಗೆ ಸಿಕ್ಕ ಕಣ ಪೂರ್ತಿ ಕೊರೊನಾ ಕಟ್ಟಡವೇ, ಮರಿ ಮಾಡುವ ಜೀನು ಮಾತ್ರ ಇಲ್ಲ. ಈಗ ಎನ್ ಪ್ರೋಟೀನಿನ ಬದಲಾವಣೆಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಕೆಲವಕ್ಕೆ ಕೋಶಗಳು ಸುಮಾರು 10 ಪಟ್ಟು ಹೆಚ್ಚು ಹೊಳೆದವು. ಅದರಲ್ಲಿ ಒಂದು ಡೆಲ್ಟಾದಲ್ಲಿದ್ದ ಬದಲಾವಣೆ. ಅಂದರೆ ಡೆಲ್ಟಾದ ಜೋರಿಗೆ ಬಾಗಿಲು ತೆರೆಯುವ ಸ್ಪೈಕ್ ಒಂದೇ ಕಾರಣ ಇರಲಾರದು, ಒಳಗೆ ಸರಕು ತುಂಬುವ ಕೆಲಸವೂ ಚುರುಕಾಗಿರಬಹುದು. 2021ರ ಕೊನೆಗೆ ಇದು ಪ್ರಕಟವಾಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಇಷ್ಟು ಮೆಚ್ಚುತ್ತಿರಲಿಲ್ಲ. ಜೊಳ್ಳು ಹೇಳಿದ್ದು ನಿಜವೇ ಅಂತ ನೋಡಲು ಆ ಬದಲಾವಣೆಯನ್ನು ಜೀವಂತ ವೈರಸ್‌ಗೆ ಹಾಕಿ ಮೂರನೇ ಹಂತದ ಕೋಣೆಯಲ್ಲಿ ಪರೀಕ್ಷಿಸಿದರು. ವೈರಸ್ ಉತ್ಪತ್ತಿ ಸುಮಾರು 50 ಪಟ್ಟು ಏರಿತು. ದಿಕ್ಕು ಒಂದೇ, ಅಳತೆ ಬೇರೆ. ಜೊಳ್ಳಿನಿಂದ ಆದ ಲಾಭ ಏನು ಅಂದರೆ, ಅಪಾಯದ ಕೋಣೆಗೆ ಒಯ್ಯಬೇಕಾದ ಪ್ರಯೋಗಗಳು ಬೆರಳೆಣಿಕೆಗೆ ಇಳಿದವು.

ಇನ್ನು ಜೊಳ್ಳು ಸುಳ್ಳು ಹೇಳುವ ಜಾಗಗಳು. ಕಾಲುಬಾಯಿ ಜ್ವರದ ವೈರಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಚಿಪ್ಪು ಸ್ವಲ್ಪ ಹುಳಿ ತಾಗಿದರೆ, ಸ್ವಲ್ಪ ಬಿಸಿಯಾದರೆ 12 ಚೂರಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಆರ್‌ಎನ್‌ಎ ಇದ್ದರೆ ಒಂದಿಷ್ಟು ಹಿಡಿತ ಇರುತ್ತದೆ, ಖಾಲಿ ಚಿಪ್ಪು ಇನ್ನೂ ಬೇಗ ಬಿಚ್ಚುತ್ತದೆ. ಹಾಗಾಗಿ ಈ ವೈರಸ್ ಎಷ್ಟು ಬಿಸಿ ತಡೆಯುತ್ತದೆ ಅಂತ ಜೊಳ್ಳಿಗೆ ಕೇಳಿದರೆ ತಪ್ಪು ಉತ್ತರ ಬರುತ್ತದೆ. 2013ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಚೂರುಗಳು ಸೇರುವ ಜಾಗದಲ್ಲಿ ಒಂದು ಅಮಿನೊ ಆಮ್ಲ ಬದಲಿಸಿ, ಗಂಧಕದ ಬಂಧ ಹಾಕಿ ಖಾಲಿ ಚಿಪ್ಪನ್ನು ಗಟ್ಟಿ ಮಾಡಿದರು. ಲಸಿಕೆಗೆ ಅದು ಬಹಳ ಒಳ್ಳೆಯದು, ಯಾಕೆಂದರೆ ಲಸಿಕೆಗಾಗಿ ಟ್ಯಾಂಕುಗಟ್ಟಲೆ ಜೀವಂತ ವೈರಸ್ ಬೆಳೆಸುವ ಕೆಲಸವೇ ತಪ್ಪಬಹುದು. ಪೈರ್‌ಬ್ರೈಟ್‌ನ ಚರಂಡಿ ನೆನಪಿದೆ ಅಲ್ವಾ? ಆದರೆ ಬಿಸಿ ತಡೆಯುವ ಪ್ರಶ್ನೆಗೆ ಈ ಗಟ್ಟಿ ಚಿಪ್ಪೂ ತಪ್ಪನ್ನೇ ಹೇಳುತ್ತದೆ, ಈ ಸಲ ಇನ್ನೊಂದು ದಿಕ್ಕಿಗೆ.

ಬೆಂಗಳೂರಿನ ಬಯೋಟೆಕ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರಬೇಕೆಂದಿರುವವರು ಈಗ ಹೇಳುವುದನ್ನು ಗಮನಿಸಿ. ಪ್ರತಿಕಾಯದ ಔಷಧಗಳನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ತಯಾರಿಸುತ್ತಾರೆ. ಟ್ಯಾಂಕಿಗೆ ಇಲಿಯ ಪುಟ್ಟ ವೈರಸ್ ಎಂವಿಎಂ ನುಗ್ಗಿದ ಘಟನೆಗಳು 1990ರ ದಶಕದಲ್ಲೇ ಆಗಿವೆ. ಆದ್ದರಿಂದ ಔಷಧ ಶುದ್ಧ ಮಾಡುವ ಪ್ರತಿ ಹಂತವೂ ವೈರಸ್ಸನ್ನು ಎಷ್ಟು ತೆಗೆಯುತ್ತದೆ ಅಂತ ತೋರಿಸಬೇಕು. ಅದಕ್ಕೆ ಬೇಕೆಂದೇ ವೈರಸ್ ಬೆರೆಸಿ ಪರೀಕ್ಷಿಸಬೇಕು. ಯಾವ ಕಾರ್ಖಾನೆಯವರು ತಮ್ಮ ಒಳಗೆ ಜೀವಂತ ವೈರಸ್ ತಂದುಕೊಳ್ಳುತ್ತಾರೆ? ಹೊರಗಿನ ವಿಶೇಷ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದು ದುಬಾರಿ, ತಡ. ಎಂವಿಎಂನ ಜೊಳ್ಳು ಇದ್ದರೆ ಎಂಜಿನಿಯರ್‌ಗಳು ತಮ್ಮ ಮೇಜಿನ ಮೇಲೇ ಫಿಲ್ಟರ್ ಪರೀಕ್ಷಿಸಿ ನೋಡಬಹುದು. ಫಿಲ್ಟರ್ ಗಾತ್ರ ನೋಡಿ ತಡೆಯುತ್ತದೆ, ಗಾತ್ರ ಎರಡರದ್ದೂ ಒಂದೇ. ಆದರೆ ಇನ್ನೊಂದು ಹಂತದಲ್ಲಿ ಹುಳಿ ಹಾಕಿ ವೈರಸ್ ಸಾಯಿಸುತ್ತಾರೆ. ಸಾಯುವುದನ್ನು ಜೊಳ್ಳಿನಿಂದ ಹೇಗೆ ಅಳೆಯುತ್ತೀರಿ? ಅದು ಬದುಕಿಯೇ ಇರಲಿಲ್ಲ. ಸರ್ಕಾರಕ್ಕೆ ಸಲ್ಲಿಸುವ ಅಂತಿಮ ವರದಿಗೆ ಈಗಲೂ ನಿಜವಾದ ವೈರಸ್ ಬೇಕೇ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಸುರಕ್ಷತೆಯ ಬಗ್ಗೆಯೂ ಒಂದು ಮಾತು. ಜೊಳ್ಳು ಸುರಕ್ಷಿತ ಅಂತ ಸುಮ್ನೆ ಹೇಳಿಬಿಡುವುದು ನನಗೆ ಇಷ್ಟವಿಲ್ಲ. ಬರೀ ಪ್ರೋಟೀನಿನ ಚಿಪ್ಪು ಒಂದು ಕಡೆ. ಎಚ್‌ಐವಿ ಒಡಲಿನ ಸ್ಯೂಡೋವೈರಸ್ ಇನ್ನೊಂದು ಕಡೆ. ಎರಡನೆಯದು ಎರಡಾಗುವುದಿಲ್ಲ ನಿಜ, ಆದರೆ ತನ್ನ ಸರಕನ್ನು ಕೋಶದ ಡಿಎನ್‌ಎಗೆ ಕಾಯಂ ಆಗಿ ಸೇರಿಸುತ್ತದೆ. ಸೂಜಿ ಚುಚ್ಚಿಕೊಂಡರೆ ಅದು ಸಣ್ಣ ವಿಷಯ ಅಲ್ಲ. ಕಣ ಕಟ್ಟಲು ಬೇಕಾದ ಜೀನುಗಳನ್ನು ಮೂರು ನಾಲ್ಕು ತುಂಡುಗಳಲ್ಲಿ ಹಂಚಿ ಇಡುವುದು, ಅವು ಮತ್ತೆ ಒಂದಾಗಿ ಪೂರ್ತಿ ವೈರಸ್ ಆಗದಿರಲಿ ಅಂತ. ಇನ್ನು ಎಬೋಲಾದ ಹೊರ ಪ್ರೋಟೀನ್ ತೊಟ್ಟ ವಿಎಸ್‌ವಿ ಲಸಿಕೆ ಇದೆಯಲ್ಲ, ಅದು ಬೇಕೆಂದೇ ಎರಡಾಗುವ ಹಾಗೆ ಮಾಡಿದ್ದು. ಹೊರಗಿನಿಂದ ನೋಡಿದರೆ ಸ್ಯೂಡೋವೈರಸ್ ಹಾಗೇ ಕಾಣುತ್ತದೆ. ಲೇಬಲ್ ಓದದೆ ಕೈ ಹಾಕಬಾರದು.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ: ಸರ್, ಕೋವಿಡ್ ಟೆಸ್ಟ್‌ನಲ್ಲೂ ಇಂಥದ್ದು ಬಳಸುತ್ತಾರಾ?

ಬಳಸುತ್ತಾರೆ. ಪಿಸಿಆರ್ ಪರೀಕ್ಷೆ ಸರಿಯಾಗಿ ನಡೆದಿದೆಯೇ ಅಂತ ನೋಡಲು ಗೊತ್ತಿರುವ ಒಂದು ಮಾದರಿ ಬೇಕು. ಬರಿಯ ಆರ್‌ಎನ್‌ಎ ಇಟ್ಟರೆ ಬೇಗ ಹಾಳಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಬರುವ ಎಂಎಸ್2 ಅನ್ನುವ ವೈರಸ್ಸಿನ ಚಿಪ್ಪಿನೊಳಗೆ ಬೇಕಾದ ಆರ್‌ಎನ್‌ಎ ತುಂಡು ಇಟ್ಟರೆ ಅದು ಉಳಿಯುತ್ತದೆ. ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆಗಳಿಗಾಗಿ 1990ರ ದಶಕದಲ್ಲೇ ಇದನ್ನು ಮಾಡಿದ್ದರು. ಮಾದರಿಯಿಂದ ಆರ್‌ಎನ್‌ಎ ತೆಗೆಯುವ ಹಂತವೂ ಸರಿಯಿತ್ತೇ ಅಂತ ಇದರಿಂದ ಗೊತ್ತಾಗುತ್ತದೆ.

ಹಿರಿಯರೊಬ್ಬರು: ಮಂಗನ ಕಾಯಿಲೆಗೆ ಇದರಿಂದ ಏನಾದರೂ ಆಗುತ್ತದಾ? ಹಳೇ ಲಸಿಕೆಯಂತೂ ನಿಲ್ಲಿಸಿಬಿಟ್ಟರು.

ನೀವು ಕೇಳಿದ್ದು ಒಳ್ಳೆಯದಾಯಿತು ಸರ್. ಹಳೆಯದು ವೈರಸ್ಸನ್ನು ಬೆಳೆಸಿ ಫಾರ್ಮಲಿನ್‌ನಲ್ಲಿ ಸಾಯಿಸಿ ಮಾಡಿದ ಲಸಿಕೆ. ಆ ವೈರಸ್ ಇರುವ ಕುಟುಂಬದ್ದು ಒಂದು ಅನುಕೂಲದ ಗುಣವಿದೆ. ಹೊರಗಿನ ಎರಡೇ ಪ್ರೋಟೀನುಗಳ ಜೀನುಗಳನ್ನು ಕೋಶಕ್ಕೆ ಕೊಟ್ಟರೆ ಸಾಕು, ಕೋಶ ತಾನಾಗಿ ಪುಟ್ಟ ಕಣಗಳನ್ನು ಹೊರಗೆ ಬಿಡುತ್ತದೆ. ವೈರಸ್ 50 ನ್ಯಾನೋಮೀಟರ್ ಇದ್ದರೆ ಇವು ಸುಮಾರು 30. ಮಿದುಳು ಜ್ವರದ ವೈರಸ್, ವೆಸ್ಟ್ ನೈಲ್ ವೈರಸ್‌ಗಳಿಗೆ ರಕ್ತ ಪರೀಕ್ಷೆಯ ಸಾಮಗ್ರಿಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯವರು ಈ ದಾರಿಯಲ್ಲೇ ಮಾಡಿದ್ದಾರೆ. ಮಂಗನ ಕಾಯಿಲೆಗೂ ರಕ್ತ ಪರೀಕ್ಷೆಯಲ್ಲಿ ಈ ದಾರಿ ಮೊದಲು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಅಭಿಪ್ರಾಯ. ಲಸಿಕೆಯ ಮಾತು ಆಮೇಲೆ. ಇಂಥ ಕಣದಿಂದ ದೇಹದಲ್ಲಿ ಹುಟ್ಟಿದ ಪ್ರತಿಕಾಯ ಉಣುಗು ಕಚ್ಚಿದ ಮನುಷ್ಯನನ್ನು ಕಾಯುತ್ತದೆಯೇ ಅಂತ ತಿಳಿಯಲು ಕೊನೆಗೆ ನಿಜವಾದ ವೈರಸ್ ಎದುರಿಗೇ ನಿಲ್ಲಿಸಬೇಕು, ಅದು ಪುಣೆಯಂಥ ಕಡೆ ಮಾತ್ರ ಸಾಧ್ಯ.

ಇನ್ನೊಬ್ಬ ವಿದ್ಯಾರ್ಥಿ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಜೊಳ್ಳು ಮಾಡಬಹುದಾ?

ಎಂಎಸ್2 ಚಿಪ್ಪು ಮಾಡಬಹುದು. ಇ. ಕೋಲಿಗೆ ಹೊರಗಿನ ಜೀನು ಹಾಕುವುದರಿಂದ ಮೊದಲು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ತಿಳಿಸಬೇಕು, ಇಲ್ಲದಿದ್ದರೆ ಅಂಥ ಸಮಿತಿ ಇರುವ ವಿಶ್ವವಿದ್ಯಾಲಯದ ಜೊತೆ ಸೇರಿಕೊಳ್ಳಿ. ಇ. ಕೋಲಿ ಬೆಳೆಸಿ, ಒಡೆದು, ಪ್ರೋಟೀನ್ ತೆಗೆಯುವವರೆಗೆ ನಿಮ್ಮಲ್ಲಿರುವ ಉಪಕರಣಗಳೇ ಸಾಕು. ಚಿಪ್ಪು ನಿಜವಾಗಿ ಕಟ್ಟಿಕೊಂಡಿದೆಯೇ, ಇಲ್ಲ ಬಿಡಿ ಪ್ರೋಟೀನ್ ಮಾತ್ರ ಇದೆಯೇ ಅಂತ ನೋಡಲು ಅತಿ ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಅಲ್ಟ್ರಾಸೆಂಟ್ರಿಫ್ಯೂಜ್ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಅದಕ್ಕೆ ಬೆಂಗಳೂರಿನಲ್ಲಿ ಮುಂಚಿತವಾಗಿ ಸಮಯ ಕೇಳಿಕೊಳ್ಳಿ. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಅಲ್ಲಿರಬಹುದು.